ಬಳಸಿದ ಕೃಷಿ ಯಂತ್ರಗಳ ಮಾರಾಟ: ವಿವರ ಬರೆಯುವ ಬಗೆ

ಎತ್ತಿನ ಜಾತ್ರೆಗಳಲ್ಲಿ ಕೊಳ್ಳುವವನು ಮೊದಲು ಎತ್ತಿನ ತುಟಿ ಸರಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಎಂಬುದು ತಿಳಿದ ಮೇಲೆ ಸುಳಿ, ಗೊರಸು, ನಡಿಗೆಗಳನ್ನು ಪರೀಕ್ಷಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಕಡೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುತ್ತಾನೆ. ಇಲ್ಲಿ ಮಾರುವವನು ಹೆಚ್ಚು ಮಾತನಾಡದಿದ್ದರೂ ವ್ಯಾಪಾರ ನಡೆಯುತ್ತದೆ. ಏಕೆಂದರೆ ಎತ್ತು ಎದುರಿಗೇ ನಿಂತಿರುತ್ತದೆ.

ಟ್ರಾಕ್ಟರ್, ಟ್ರೇಲರ್, ರೋಟಾವೇಟರ್, ಬಿತ್ತುವ ಕೂರಿಗೆ, ನೀರೆತ್ತುವ ಮೋಟಾರು ಮುಂತಾದ ಬಳಸಿದ ಸಾಧನಗಳ ವ್ಯಾಪಾರವು ಈಗ ಬಹುಮಟ್ಟಿಗೆ ಮೊಬೈಲಿನ ಮೂಲಕ ನಡೆಯುತ್ತಿದೆ. ವಾಟ್ಸಾಪ್ ಗುಂಪುಗಳಲ್ಲಿ, ಫೇಸ್‌ಬುಕ್ ಮತ್ತು ಓಎಲ್‌ಎಕ್ಸ್‌ನಂತಹ ತಾಣಗಳಲ್ಲಿ ಒಂದು ಚಿತ್ರ ಹಾಕಿ, ಕೆಳಗೆ ಒಂದು ಸಾಲು ಬರೆದರೆ ಜಾಹೀರಾತು ಆಯಿತೆಂದು ಅನೇಕರು ತಿಳಿದಿರುತ್ತಾರೆ. ಯಂತ್ರ ಒಂದು ಊರಿನಲ್ಲಿ, ಕೊಳ್ಳುವವನು ಮತ್ತೊಂದು ಊರಿನಲ್ಲಿ ಇರುವ ಈ ವ್ಯಾಪಾರದಲ್ಲಿ ಹಲ್ಲು ತೋರಿಸುವ ಕೆಲಸವನ್ನು ಮಾರುವವನ ಬರವಣಿಗೆಯೇ ಮಾಡಬೇಕಾಗುತ್ತದೆ.

ಯಲಬುರ್ಗಾ ಭಾಗದ ರೈತರಿಗೆ ಈ ವಿಷಯ ಹೆಚ್ಚು ಮುಖ್ಯವಾದುದು. ಇದು ಮಳೆಯನ್ನು ಮತ್ತು ಕೊಳವೆಬಾವಿಗಳನ್ನು ನಂಬಿದ ಸೀಮೆ. ಮಸಾರಿ ಭೂಮಿಯಲ್ಲಿ ಬಿತ್ತನೆಯ ಹದ ಕೆಲವೇ ದಿನ ನಿಲ್ಲುತ್ತದೆ. ಬೇವೂರಿನಿಂದಲೋ ಹಿರೇವಂಕಲಕುಂಟಾದಿಂದಲೋ ಒಬ್ಬ ರೈತ, ಜಾಹೀರಾತನ್ನು ನಂಬಿ, ವಾಹನ ಬಾಡಿಗೆ ಹಿಡಿದು, ಜೊತೆಗೊಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಕಾರಟಗಿಗೆ ಹೋಗಿ, ಅಲ್ಲಿ ಇಂಜಿನ್ ಬಿಚ್ಚಿಟ್ಟ ಟ್ರಾಕ್ಟರ್ ಕಂಡು ಬರಿಗೈಲಿ ಮರಳಿದರೆ ಹಣದೊಡನೆ ಬಿತ್ತುವ ಒಂದು ದಿನವೂ ಹೋದಂತೆಯೇ. ಅತ್ತ ಮಾರುವವನಿಗೂ ಲಾಭವಿಲ್ಲ. ಬಂದವನು ಮತ್ತೆ ಬರುವುದಿಲ್ಲ, ಬರಬೇಕೆಂದಿದ್ದವರಿಗೂ ಹೇಳಿಬಿಡುತ್ತಾನೆ.

ದೋಷ ಮುಚ್ಚಿದರೆ ಬೆಲೆ ಏಕೆ ಇಳಿಯುತ್ತದೆ?

ಕುಂದು ಹೇಳಿದರೆ ಬೆಲೆ ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಬರೆದ ಲೇಖನವು ಇದರ ಇನ್ನೊಂದು ಮುಖವನ್ನು ತೋರಿಸಿತು. 2001ರಲ್ಲಿ ಅವರು ಇತರ ಇಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅವರ ವಾದವನ್ನು ನಮ್ಮ ಕಡೆಯ ಲೆಕ್ಕದಲ್ಲಿ ಹೀಗೆ ಹೇಳಬಹುದು. ಪೇಟೆಯಲ್ಲಿ ಹತ್ತು ಹಳೆಯ ಟ್ರಾಕ್ಟರ್‌ಗಳಿವೆ ಎಂದು ಭಾವಿಸೋಣ. ಐದು ಒಳ್ಳೆಯವು, ಒಂದೊಂದು 3,50,000 ರೂಪಾಯಿ ಬಾಳುವಂತಹವು. ಉಳಿದ ಐದು 2,00,000 ರೂಪಾಯಿಯವು. ಎಲ್ಲರೂ "ಒಳ್ಳೇ ಕಂಡೀಷನ್" ಎಂದೇ ಬರೆದಿದ್ದಾರೆ. ಯಾವುದು ಎಂತಹದು ಎಂದು ತಿಳಿಯದ ಕೊಳ್ಳುವವನು ನಡುವಿನ ಬೆಲೆಯನ್ನು, ಅಂದರೆ 2,75,000 ರೂಪಾಯಿಯನ್ನು ಮಾತ್ರ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಟ್ರಾಕ್ಟರಿನ ಒಡೆಯ ಮಾರಲೊಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ, ಅದು ಗೊತ್ತಾದಂತೆ ಕೇಳುವ ಬೆಲೆ ಮತ್ತೂ ಇಳಿಯುತ್ತದೆ.

ಆದುದರಿಂದ ವಿವರ ಬರೆಯದೆ ಬಿಡುವುದರಿಂದ ಮೊದಲು ನಷ್ಟವಾಗುವುದು ಯಂತ್ರವನ್ನು ಚೆನ್ನಾಗಿ ಇಟ್ಟುಕೊಂಡ ರೈತನಿಗೇ. ಕಾಲಕಾಲಕ್ಕೆ ಎಣ್ಣೆ ಬದಲಿಸಿದ್ದು, ಮಳೆಗೆ ನೆನೆಯದಂತೆ ತಗಡಿನ ಕೆಳಗೆ ನಿಲ್ಲಿಸಿದ್ದು ಬರೆಯದಿದ್ದರೆ ಕೊಳ್ಳುವವನಿಗೆ ಗೊತ್ತಾಗುವ ಬಗೆ ಇಲ್ಲ. ಇನ್ನು ಒಂದು ಕುಂದನ್ನು ತಾನಾಗಿಯೇ ಹೇಳಿದವನ ಉಳಿದ ಮಾತಿಗೂ ಬೆಲೆ ಬರುತ್ತದೆ.

ಇದಕ್ಕೆ ಕಾನೂನಿನ ಬಲವೂ ಉಂಟು. 1930ರ ಸರಕು ಮಾರಾಟ ಕಾಯಿದೆಯ 15ನೇ ಕಲಮಿನ ಪ್ರಕಾರ ವಿವರಣೆಯ ಮೇರೆಗೆ ಮಾರಿದ ಸರಕು ಆ ವಿವರಣೆಗೆ ತಕ್ಕಂತೆ ಇರಬೇಕು. ಜಾಹೀರಾತಿನಲ್ಲಿ ಬರೆದ ಸಂಗತಿಗಳು ಮುಂದೆ ತಕರಾರು ಬಂದಾಗ ಆಧಾರವಾಗಬಲ್ಲವು. ಸುಳ್ಳು ಬರೆದವನಿಗೆ ಇದು ತೊಡಕು. ನಿಜ ಬರೆದವನಿಗೆ ರಕ್ಷಣೆ.

ಟ್ರಾಕ್ಟರ್

ಜಾಹೀರಾತು ನೋಡಿದ ರೈತ ಫೋನಿನಲ್ಲಿ ಕೇಳುವ ಮಾತುಗಳು ಹೆಚ್ಚು ಕಡಿಮೆ ಒಂದೇ ಬಗೆಯವು: "ಯಾವ ಸಾಲಿನ ಗಾಡಿ ಐತ್ರಿ ಅಣ್ಣಾರ? ಎಷ್ಟು ತಾಸು ಓಡೇತ್ರಿ? ಟೈರು ಹೆಂಗದಾವ್ರಿ? ಸಾಲ ಏನರ ಐತೇನ್ರಿ?" ಈ ನಾಲ್ಕು ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದರೆ ಜಾಹೀರಾತಿನ ಅರ್ಧ ಕೆಲಸ ಮುಗಿಯುತ್ತದೆ.

ಸಾಲು ಎಂದರೆ ತಯಾರಾದ ವರ್ಷ ಮತ್ತು ಪಾಸಿಂಗ್ ಆದ ವರ್ಷ, ಎರಡನ್ನೂ ಬರೆಯಬೇಕು. ಇವೆರಡರ ನಡುವೆ ಹಲವು ತಿಂಗಳ ಅಂತರ ಇರುವುದುಂಟು. ಎಷ್ಟು ಕೈ ಬದಲಾಗಿದೆ ಎಂಬುದನ್ನೂ ತಿಳಿಸಬೇಕು.

ತಾಸಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಯಾಂತ್ರಿಕ ಮೀಟರುಗಳು ಇಂಜಿನ್ ಒಂದು ಗೊತ್ತಾದ ವೇಗದಲ್ಲಿ ತಿರುಗಿದಾಗ ಮಾತ್ರ ಒಂದು ತಾಸನ್ನು ಒಂದು ತಾಸೆಂದು ತೋರಿಸುತ್ತವೆ. ನಿಧಾನವಾಗಿ ಓಡಿದಾಗ ಕಡಿಮೆ, ಜೋರಾಗಿ ಓಡಿದಾಗ ಹೆಚ್ಚು ತೋರಿಸುತ್ತವೆ. ಹೊಸ ವಿದ್ಯುನ್ಮಾನ ಮೀಟರುಗಳು ಗಡಿಯಾರದ ತಾಸನ್ನೇ ಎಣಿಸುತ್ತವೆ. ಆದುದರಿಂದ ಮೀಟರಿನ ಅಂಕಿಯ ಜೊತೆಗೆ, ಮೀಟರು ಕೆಟ್ಟು ನಿಂತಿತ್ತೇ, ಬದಲಾಯಿಸಲಾಗಿದೆಯೇ ಎಂಬುದನ್ನು ಬರೆಯಬೇಕು. ನಿಂತ ಮೀಟರಿನ ಚಿತ್ರ ಹಾಕಿ ಸುಮ್ಮನಿರುವುದು ಸುಳ್ಳಿಗೆ ಸಮಾನ.

ಅಂಕಿಗಿಂತಲೂ ಹೆಚ್ಚಿನ ಮಾತು, ಟ್ರಾಕ್ಟರ್ ಯಾವ ಭೂಮಿಯಲ್ಲಿ ದುಡಿಯಿತು ಎಂಬುದು. ಇದನ್ನು ಬರೆಯುವವರು ಬಹಳ ಕಡಿಮೆ. ಕೊಪ್ಪಳ ಜಿಲ್ಲೆಯಲ್ಲಿ ಎರಡು ಬಗೆಯ ಒಕ್ಕಲುತನ ಅಕ್ಕಪಕ್ಕದಲ್ಲೇ ಇವೆ. ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು; ಯಲಬುರ್ಗಾ, ಕುಷ್ಟಗಿ, ಕುಕನೂರು ಕಡೆ ಹೆಚ್ಚಾಗಿ ಒಣ ಹೊಲಗಳು. ಭತ್ತದ ಗದ್ದೆಯಲ್ಲಿ ಕಬ್ಬಿಣದ ಕೇಜ್‌ವೀಲ್ ಕಟ್ಟಿ ಕೆಸರು ಮಾಡುವ ಟ್ರಾಕ್ಟರಿನ ಅಚ್ಚಿನ ಸೀಲುಗಳ ಬಳಿ, ಬ್ರೇಕಿನ ಒಳಗೆ, ಮುಂದಿನ ಗಾಲಿಯ ಬೇರಿಂಗುಗಳಲ್ಲಿ ನೀರು ಮತ್ತು ಕೆಸರು ಸೇರುವ ಸಂಭವ ಹೆಚ್ಚು. ಸೀಲು ಸವೆದರೆ ನೀರು ಗೇರುಪೆಟ್ಟಿಗೆಯ ಎಣ್ಣೆಯಲ್ಲಿ ಬೆರೆತು ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಒಣ ಹೊಲದಲ್ಲಿ ದುಡಿದ ಟ್ರಾಕ್ಟರಿಗೆ ಈ ತೊಂದರೆ ಕಡಿಮೆ, ಆದರೆ ಧೂಳಿನ ಕಾಟ ಹೆಚ್ಚು. ಗಾಳಿಶೋಧಕವನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಸಿಲಿಂಡರ್ ಮತ್ತು ರಿಂಗುಗಳು ಬೇಗ ಸವೆಯುತ್ತವೆ. ಟ್ರೇಲರ್ ಎಳೆದು ಡಾಂಬರು ರಸ್ತೆಯಲ್ಲೇ ಓಡಿದ ಟ್ರಾಕ್ಟರಿನಲ್ಲಿ ಟೈರು, ಕ್ಲಚ್, ಬ್ರೇಕುಗಳು ಮೊದಲು ಹೋಗುತ್ತವೆ. ಹೀಗೆ "3,000 ತಾಸು" ಎಂಬ ಒಂದೇ ಅಂಕಿ ಮೂರು ಕಡೆ ಮೂರು ಅರ್ಥ ಕೊಡುತ್ತದೆ. ಗದ್ದೆಗೆ ಇಳಿದ ಟ್ರಾಕ್ಟರ್ ಕೆಟ್ಟದ್ದೆಂದಲ್ಲ. ಸೀಲು, ಬೇರಿಂಗು ಯಾವಾಗ ಬದಲಾಯಿಸಿದ್ದು ಎಂದು ಬರೆದರೆ ಅದನ್ನು ಕೊಳ್ಳುವವರಿಗೂ ಧೈರ್ಯ ಬರುತ್ತದೆ.

ಟೈರುಗಳನ್ನು "ಹೊಸವು", "ಹಳೆಯವು" ಎನ್ನುವುದಕ್ಕಿಂತ ಹಾಕಿಸಿದ ವರ್ಷವನ್ನು ಹೇಳುವುದು ಒಳಿತು. ಹಲವು ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. 2221 ಎಂದಿದ್ದರೆ 2021ನೇ ವರ್ಷದ 22ನೇ ವಾರ ತಯಾರಾದದ್ದೆಂದು ಅರ್ಥ. ಅದರ ಚಿತ್ರವನ್ನೇ ಹಾಕಬಹುದು.

ಹೊಗೆಯನ್ನು ತೋರಿಸುವ ಒಂದು ನಿಮಿಷದ ವಿಡಿಯೋ ಹತ್ತು ಸಾಲಿನ ಹೊಗಳಿಕೆಗಿಂತ ಉಪಯುಕ್ತ. ಆದರೆ ಅದನ್ನು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ ತೆಗೆಯಬೇಕು. ಬಿಸಿಯಾದ ಇಂಜಿನ್ ಎಂತಹದಾದರೂ ಸುಲಭವಾಗಿ ಚಾಲೂ ಆಗುತ್ತದೆ. ಹೊಗೆ ನೀಲಿಯಾಗಿ ಬರುತ್ತಲೇ ಇದ್ದರೆ ಇಂಜಿನ್ ಎಣ್ಣೆ ಸುಡುತ್ತಿದೆ ಎಂದೂ, ಕಪ್ಪಾಗಿದ್ದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲದೆಂದೂ ತಿಳಿದವರು ಗುರುತಿಸುತ್ತಾರೆ. ಕೊಳ್ಳಲು ಬರುವವರು ತಲುಪುವ ಮೊದಲೇ ಟ್ರಾಕ್ಟರ್ ಓಡಿಸಿ ಬಿಸಿ ಮಾಡಿಟ್ಟಿರುವ ಚಾಳಿ ಕೆಲವರಲ್ಲಿದೆ. ಅನುಭವಿ ರೈತ ಬಂದೊಡನೆ ಬಾನೆಟ್ ಮುಟ್ಟಿ ನೋಡುವುದು ಇದಕ್ಕಾಗಿಯೇ.

ಮಾರುವ ಮುನ್ನ ತೊಳೆಯುವುದು ಸರಿ, ಬಣ್ಣ ಹೊಡೆಸುವುದು ಸರಿಯಲ್ಲ. ಹೊಸ ಬಣ್ಣದ ಕೆಳಗೆ ಬೆಸುಗೆಯ ಗುರುತು, ಎಣ್ಣೆಯ ಸೋರಿಕೆ ಕಾಣುವುದಿಲ್ಲ. ಅದು ಬಲ್ಲವರಿಗೆ ಗೊತ್ತು. ಬಣ್ಣಕ್ಕೆ ಸುರಿದ ಹಣ ಸಂಶಯವನ್ನು ಹೆಚ್ಚಿಸುತ್ತದೆಯೇ ಹೊರತು ಬೆಲೆಯನ್ನಲ್ಲ.

ಬತ್ತಿದ ಕೊಳವೆಬಾವಿಯ ಮೋಟಾರು

ಕೊಳವೆಬಾವಿ ಬತ್ತಿದಾಗ ಎತ್ತಿದ ಸಬ್‌ಮರ್ಸಿಬಲ್ ಪಂಪ್‌ಸೆಟ್ಟು ಮಾರಾಟಕ್ಕೆ ಬರುವುದು ಈ ಭಾಗದಲ್ಲಿ ಕಾಣುವ ದೃಶ್ಯ. "7.5 ಎಚ್‌ಪಿ ಮೋಟಾರು ಕೊಡುವುದಿದೆ" ಎಂದಷ್ಟೇ ಬರೆದರೆ ಕೊಳ್ಳುವವನಿಗೆ ಏನೂ ಹೇಳಿದಂತಾಗಲಿಲ್ಲ. ಪಂಪಿನಲ್ಲಿ ಎಷ್ಟು ಸ್ಟೇಜುಗಳಿವೆ ಎಂಬುದೇ ಮೂಲ ಪ್ರಶ್ನೆ. ಪ್ರತಿ ಸ್ಟೇಜೂ ನೀರನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಒಂದೇ ಅಶ್ವಶಕ್ತಿಯ ಎರಡು ಪಂಪುಗಳಲ್ಲಿ ಸ್ಟೇಜು ಕಡಿಮೆ ಇರುವುದು ಕಡಿಮೆ ಆಳದಿಂದ ಹೆಚ್ಚು ನೀರನ್ನೂ, ಸ್ಟೇಜು ಹೆಚ್ಚಿರುವುದು ಹೆಚ್ಚು ಆಳದಿಂದ ಕಡಿಮೆ ನೀರನ್ನೂ ಕೊಡುವಂತೆ ರಚಿತವಾಗಿರುತ್ತದೆ. ಆಳವಾದ ಬಾವಿಗೆ ಕಡಿಮೆ ಸ್ಟೇಜಿನ ಪಂಪು ಇಳಿಸಿದವನಿಗೆ ಮೋಟಾರು ತಿರುಗಿದರೂ ನೀರು ಮೇಲೆ ಬರುವುದಿಲ್ಲ. ಮತ್ತೆ ಎತ್ತುವ ಕೂಲಿ, ಇಳಿಸುವ ಕೂಲಿ.

ಆದುದರಿಂದ ಮೋಟಾರಿನ ಮತ್ತು ಪಂಪಿನ ಹೆಸರು ಪಟ್ಟಿಗಳ ಸ್ಪಷ್ಟ ಚಿತ್ರ, ಎಷ್ಟು ಅಡಿ ಆಳದಲ್ಲಿ ಇಳಿಸಿದ್ದು, ಆಗ ಎಷ್ಟು ಇಂಚು ನೀರು ಎತ್ತುತ್ತಿತ್ತು, ಮೋಟಾರು ಸುಟ್ಟು ಎಷ್ಟು ಬಾರಿ ವೈಂಡಿಂಗ್ ಮಾಡಿಸಲಾಗಿದೆ, ನೀರಿನೊಡನೆ ಮರಳು ಬರುತ್ತಿತ್ತೇ, ಇವಿಷ್ಟನ್ನು ತಪ್ಪದೆ ತಿಳಿಸಬೇಕು. ಮರಳು ಎತ್ತಿದ ಪಂಪಿನ ಒಳಭಾಗ ಸವೆದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಕೇಬಲಿನ ಉದ್ದ, ಅದರಲ್ಲಿ ಎಷ್ಟು ಜೋಡಣೆಗಳಿವೆ, ಪೈಪು ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದೋ, ಸ್ಟಾರ್ಟರ್ ಪೆಟ್ಟಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಬೇರೆಯಾಗಿ ಹೇಳುವುದು ಅಗತ್ಯ. ಹೆಚ್ಚಿನ ಜಗಳಗಳು "ಸೇರಿದೆ" ಎಂಬ ಮಾತಿನಿಂದಲೇ ಹುಟ್ಟುತ್ತವೆ.

ಕೂರಿಗೆ, ರೋಟಾವೇಟರ್, ಸಿಂಪಡಣೆಯ ಯಂತ್ರ

ಟ್ರಾಕ್ಟರ್ ಕೂರಿಗೆಗೆ ತಾಳುಗಳ ಸಂಖ್ಯೆ ಮತ್ತು ಸಾಲಿನಿಂದ ಸಾಲಿಗೆ ಇರುವ ಅಂತರ ಮುಖ್ಯ. ಶೇಂಗಾಕ್ಕೆ 30 ಸೆಂ.ಮೀ., ಸಜ್ಜೆಗೆ 45 ಸೆಂ.ಮೀ., ಗೋವಿನಜೋಳ ಮತ್ತು ಸೂರ್ಯಕಾಂತಿಗೆ 60 ಸೆಂ.ಮೀ. ಅಂತರವನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ. ತಾಳುಗಳನ್ನು ಸರಿಸಿ ಅಂತರ ಬದಲಿಸಬಹುದೇ, ಅಥವಾ ಬೆಸುಗೆ ಹಾಕಿ ನಿಲ್ಲಿಸಲಾಗಿದೆಯೇ, ಯಾವ ಯಾವ ಬೆಳೆಯ ಬೀಜದ ತಟ್ಟೆಗಳಿವೆ ಎಂಬುದನ್ನು ತಿಳಿಸಬೇಕು. ರೋಟಾವೇಟರಿಗೆ ಅಗಲ ಎಷ್ಟು ಅಡಿ, ಎಷ್ಟು ಅಲಗುಗಳು, ಅವು ಎಷ್ಟು ಸವೆದಿವೆ, ಎಷ್ಟು ಅಶ್ವಶಕ್ತಿಯ ಟ್ರಾಕ್ಟರಿಗೆ ಕಟ್ಟಿ ಹೊಡೆಯಲಾಗುತ್ತಿತ್ತು ಎಂದರೆ ಸಾಕು. ಹೊಸ ಅಲಗಿನ ಪಕ್ಕದಲ್ಲಿ ಸವೆದ ಅಲಗನ್ನು ಇಟ್ಟು ತೆಗೆದ ಚಿತ್ರ ಎಲ್ಲವನ್ನೂ ಹೇಳುತ್ತದೆ.

ಸಿಂಪಡಣೆಯ ಯಂತ್ರ ಸಣ್ಣ ವಸ್ತುವಾದರೂ ಅದರಿಂದಾಗುವ ಹಾನಿ ದೊಡ್ಡದು. ಗೋವಿನಜೋಳ ಅಥವಾ ಜೋಳದಲ್ಲಿ 2,4-ಡಿ ಕಳೆನಾಶಕ ಹೊಡೆದ ಪಂಪನ್ನು ಚೆನ್ನಾಗಿ ತೊಳೆಯದೆ ಹತ್ತಿ, ಕಡಲೆ, ಸೂರ್ಯಕಾಂತಿ, ಮೆಣಸಿನಕಾಯಿ ಬೆಳೆಗೆ ಬಳಸಿದರೆ ತೊಟ್ಟಿ ಮತ್ತು ಕೊಳವೆಯಲ್ಲಿ ಉಳಿದ ಅಲ್ಪ ಅಂಶದಿಂದಲೂ ಎಲೆ ಮುರುಟಿ ಬೆಳೆ ಕುಗ್ಗುತ್ತದೆ. ಕೊಂಡವನಿಗೆ ಕಾರಣವೇ ತಿಳಿಯುವುದಿಲ್ಲ. ರೋಗವೆಂದು ತಿಳಿದು ಮತ್ತೊಂದು ಔಷಧಿ ಹೊಡೆಯುತ್ತಾನೆ. "ಕಳೆನಾಶಕಕ್ಕೆ ಬಳಸಿದ್ದು" ಎಂಬ ಎರಡು ಪದಗಳನ್ನು ಬರೆಯಲು ಯಾರೂ ಹಿಂಜರಿಯಬಾರದು. ಅದರ ಜೊತೆಗೆ ಅರ್ಧ ಉಳಿದ ಔಷಧಿ ಬಾಟಲಿಗಳನ್ನು ಕೊಡುವ ರೂಢಿಯನ್ನು ಬಿಡತಕ್ಕದ್ದು.

ದಾಳಿಂಬೆ ತೋಟ ತೆಗೆದವರು ಮಾರುವ ಸವರುವ ಕತ್ತರಿಗಳ ಬಗೆಗೂ ಇದೇ ಮಾತು. ದುಂಡಾಣು ಅಂಗಮಾರಿ ಬಂದಿದ್ದ ತೋಟವಾದರೆ ಅದನ್ನು ಹೇಳಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಕೊಡಬೇಕು. ಕೂರಿಗೆ, ರೋಟಾವೇಟರುಗಳಿಗೆ ಅಂಟಿದ ಮಣ್ಣಿನಲ್ಲಿ ಕಾಂಗ್ರೆಸ್ ಕಸದ ಬೀಜವೂ ಪ್ರಯಾಣ ಮಾಡುತ್ತದೆ. ಸಾಗಿಸುವ ಮೊದಲು ತೊಳೆದರೆ ಕೊಂಡವನ ಹೊಲ ಉಳಿಯುತ್ತದೆ.

ಬೆಲೆಯ ಲೆಕ್ಕ

ಬೆಲೆ ಬರೆಯದೆ "ಫೋನ್ ಮಾಡಿ" ಎನ್ನುವುದರಿಂದ ನೂರು ಫೋನು ಬರುತ್ತವೆ, ಕೊಳ್ಳುವವರು ಬರುವುದಿಲ್ಲ. ಯಂತ್ರದ ಖರ್ಚಿನ ಲೆಕ್ಕದಲ್ಲಿ ಟ್ರಾಕ್ಟರಿಗೆ ಸಾಮಾನ್ಯವಾಗಿ 10 ವರ್ಷ ಆಯುಷ್ಯವನ್ನೂ, ಕೊನೆಗೆ ಮೂಲ ಬೆಲೆಯ ಶೇ. 10ರಷ್ಟು ಉಳಿಕೆಯನ್ನೂ ಹಿಡಿಯುತ್ತಾರೆ. 6,50,000 ರೂಪಾಯಿಗೆ ಕೊಂಡ ಟ್ರಾಕ್ಟರಿನಲ್ಲಿ ಉಳಿಕೆ 65,000 ಕಳೆದರೆ 5,85,000. ವರ್ಷಕ್ಕೆ ಸವಕಳಿ 58,500. ಆರು ವರ್ಷಕ್ಕೆ 3,51,000 ಹೋಗಿ 2,99,000 ರೂಪಾಯಿ ಉಳಿಯುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಪೇಟೆಯ ಬೆಲೆ ಕಂಪನಿ, ಹಂಗಾಮು, ನಿರ್ವಹಣೆಗಳಿಗೆ ತಕ್ಕಂತೆ ಮೇಲೆ ಕೆಳಗೆ ಆಗುತ್ತದೆ. ಆದರೂ ಮಾತಿಗೆ ಕುಳಿತುಕೊಳ್ಳಲು ಒಂದು ನೆಲೆ ಸಿಗುತ್ತದೆ. ಲೆಕ್ಕಕ್ಕಿಂತ ಹೆಚ್ಚು ಕೇಳುವವನು ಏಕೆ ಹೆಚ್ಚು ಎಂಬುದನ್ನು ಹೇಳಬಲ್ಲನು.

ಮಾದರಿ

ಮೊದಲು, ಬರೆಯಬಾರದ ರೀತಿ: "ಟ್ರಾಕ್ಟರ್ ಮಾರಾಟಕ್ಕಿದೆ. ಒಳ್ಳೇ ಕಂಡೀಷನ್. ಅರ್ಜೆಂಟ್. ಬೇಕಾದವರು ಫೋನ್ ಮಾಡಿ."

ಅದೇ ಟ್ರಾಕ್ಟರನ್ನು ಕುರಿತು ಹೀಗೆ ಬರೆಯಬಹುದು (ಅಂಕಿಗಳು ಮಾದರಿಗಾಗಿ ಮಾತ್ರ):

"42 ಎಚ್‌ಪಿ ಟ್ರಾಕ್ಟರ್. 2019ರಲ್ಲಿ ತಯಾರು, ಅದೇ ವರ್ಷ ಜೂನ್ ಪಾಸಿಂಗ್, ಕೆಎ-37. ಒಬ್ಬರೇ ಮಾಲೀಕರು. ಮೀಟರ್ 3,640 ತಾಸು, ಮೀಟರ್ ಬದಲಾಗಿಲ್ಲ. ಮಸಾರಿ ಹೊಲದಲ್ಲಿ ರೆಂಟೆ, ಹರಗುವುದು, ಬಿತ್ತನೆ. ಸುಗ್ಗಿಯಲ್ಲಿ ಟ್ರೇಲರ್ ಕೆಲಸ. ಕೆಸರು ಗದ್ದೆಗೆ ಇಳಿದಿಲ್ಲ. ಹಿಂದಿನ ಟೈರು 2023ರಲ್ಲಿ ಹಾಕಿಸಿದ್ದು. ಮುಂದಿನ ಎಡ ಟೈರು ಹಾಕಿಸಬೇಕು. ಕ್ಲಚ್ ಪ್ಲೇಟು 2023ರಲ್ಲಿ ಹೊಸದು, ಬಿಲ್ ಇದೆ. ದೋಷ: ಕಲ್ಟಿವೇಟರ್ ಎತ್ತಿ ನಿಲ್ಲಿಸಿದರೆ ಹೈಡ್ರಾಲಿಕ್ ಮೆಲ್ಲಗೆ ಇಳಿಯುತ್ತದೆ, ದುರಸ್ತಿ ಮಾಡಿಸಿಲ್ಲ. ಬ್ಯಾಂಕಿನ ಸಾಲ ತೀರಿದೆ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿದೆ. ವಿಮೆ ಚಾಲ್ತಿಯಲ್ಲಿದೆ. ಟ್ರೇಲರ್ ಸೇರಿಲ್ಲ. ಬೆಲೆ 3,40,000, ಯಂತ್ರ ನೋಡಿದ ಮೇಲೆ ಮಾತನಾಡಬಹುದು. ಬೇವೂರು, ಯಲಬುರ್ಗಾ ತಾಲ್ಲೂಕು. ಬೆಳಿಗ್ಗೆ 7ರಿಂದ 9ರವರೆಗೆ ಬಂದರೆ ತಣ್ಣಗಿನ ಇಂಜಿನ್ ಚಾಲೂ ಮಾಡಿ ತೋರಿಸಲಾಗುವುದು. ನಿಮ್ಮ ಮೆಕ್ಯಾನಿಕ್ ಕರೆತರಬಹುದು."

ಇದನ್ನು ಓದಿದವನು ಹೈಡ್ರಾಲಿಕ್ ದುರಸ್ತಿಗೆ ಎಷ್ಟಾದೀತೆಂದು ತನ್ನೂರಿನಲ್ಲೇ ವಿಚಾರಿಸಿಕೊಂಡು ಬರುತ್ತಾನೆ. ಬಂದ ಮೇಲೆ ಅದನ್ನೇ ನೆಪ ಮಾಡಿ 50,000 ಇಳಿಸಲು ಅವನಿಗೆ ಆಗುವುದಿಲ್ಲ. ಚಿತ್ರಗಳಲ್ಲಿ ನಾಲ್ಕು ಬದಿ, ಮೀಟರು, ನಾಲ್ಕೂ ಟೈರು ಮತ್ತು ಹೇಳಿದ ದೋಷದ ಜಾಗ ಇರಬೇಕು. ಆರ್‌ಸಿ, ಆಧಾರ್ ಮುಂತಾದ ಕಾಗದಗಳ ಚಿತ್ರವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬಾರದು. ಬಂದವರಿಗೆ ಕೈಯಲ್ಲೇ ತೋರಿಸಬೇಕು. ಬರೆಯಲು ಬಾರದವರಿಗೆ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ ಅಥವಾ ಮನೆಯಲ್ಲಿ ಓದುವ ಮಕ್ಕಳು ಬರೆದುಕೊಡಬಹುದು, ಆದರೆ ದೋಷದ ಸಾಲನ್ನು ಒಡೆಯನೇ ಹೇಳಿ ಬರೆಸಬೇಕು.

ಕಾಗದ ಮತ್ತು ಹಣ

ಸಾಲವಿರುವ ಟ್ರಾಕ್ಟರನ್ನು ಸಾಲವಿಲ್ಲವೆಂದು ಮಾರುವುದು ಅಪರಾಧಕ್ಕೆ ಎಡೆಗೊಡುತ್ತದೆ. ಸಾಲ ತೀರಿದ ಮೇಲೂ ಬ್ಯಾಂಕಿನಿಂದ ನಮೂನೆ 35 ಪಡೆದು ಆರ್‌ಸಿಯಲ್ಲಿ ಅದರ ಹೆಸರು ತೆಗೆಸಿರಬೇಕು. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. 1988ರ ಮೋಟಾರು ವಾಹನ ಕಾಯಿದೆಯ 50ನೇ ಕಲಮಿನಂತೆ, ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ತಿಳಿಸತಕ್ಕದ್ದು. "ಆಮೇಲೆ ಮಾಡಿಸಿಕೊಳ್ತೀನ್ರಿ" ಎಂಬ ಮಾತಿಗೆ ಒಪ್ಪಿ ಬಿಟ್ಟುಬಿಡುವವರೇ ಹೆಚ್ಚು. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಆ ಮೊಕದ್ದಮೆಯಲ್ಲಿ ವಾಹನ ಹಲವು ಕೈ ಬದಲಾಗಿತ್ತು. ಹೆಸರು ಮಾತ್ರ ಬದಲಾಗಿರಲಿಲ್ಲ. ಮಾರಿ ವರ್ಷಗಳಾದ ಟ್ರಾಕ್ಟರಿನ ಅಪಘಾತಕ್ಕೆ ಹೊಲ ಮಾರಬೇಕಾದ ಸ್ಥಿತಿ ಬರಬಾರದಾದರೆ ಈ ಕಾಗದಕ್ಕೆ ಒಂದು ದಿನ ಕೊಡಲೇಬೇಕು. ಸರ್ಕಾರದ ಸಹಾಯಧನದಲ್ಲಿ ಪಡೆದ ಉಪಕರಣವಾದರೆ, ಮಾರುವುದಕ್ಕೆ ಷರತ್ತುಗಳಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು.

ಸಂಚಕಾರದ ಹಣದ ಬಗೆಗೆ ಹೊಸ ಬಗೆಯ ಮೋಸಗಳು ಹುಟ್ಟಿಕೊಂಡಿವೆ. ಯಂತ್ರವನ್ನು ನೋಡದೆಯೇ, ಬೆಲೆ ಚೌಕಾಸಿ ಮಾಡದೆಯೇ ಒಪ್ಪಿಕೊಂಡು, "ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎನ್ನುವವನು ವಂಚಕ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳುವುದು ಹಣ ಹೊರಗೆ ಹೋಗುವಾಗ. ಮೋಸವಾದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ಕೊಳ್ಳುವವರೂ ಯಂತ್ರವನ್ನು ಕಣ್ಣಾರೆ ಕಾಣುವ ಮೊದಲು ಸಂಚಕಾರ ಕಳಿಸಬಾರದು.

ವ್ಯಾಪಾರ ಮುಗಿದ ದಿನವೇ ಜಾಹೀರಾತನ್ನು ಎಲ್ಲ ಗುಂಪುಗಳಿಂದ ತೆಗೆಯಬೇಕು, ಅಥವಾ "ಮಾರಾಟವಾಗಿದೆ" ಎಂದು ಕೆಳಗೆ ಬರೆಯಬೇಕು. ತೆಗೆಯುವ ಮೊದಲು ಅದರ ಒಂದು ಪ್ರತಿಯನ್ನು ಕಾಗದದ ಮೇಲೆ ಬರೆದು, ಮಾರಿದ ದಿನ, ತಾಸು, ಮೀಟರಿನ ಅಂಕಿ ನಮೂದಿಸಿ, ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ತಾಸನ್ನು ಬರೆಯುವುದೇಕೆಂದರೆ, ಕೊಂಡವನು ಟ್ರಾಕ್ಟರ್ ಓಡಿಸಿಕೊಂಡು ತನ್ನೂರು ಮುಟ್ಟುವುದರೊಳಗೆ ದಾರಿಯಲ್ಲಿ ಏನಾದರೂ ಆದರೆ ಆಗ ಗಾಡಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ.